ಬಂಗಾರದ ಕರು ಈಗ ಎಲ್ಲಿದೆ?

ನಾನು ಕಳಸದ ಕಥೋಲಿಕಳು. 'ನೀವು ವಿಗ್ರಹಕ್ಕೆ ಮೇಣದಬತ್ತಿ ಹಚ್ಚುವವರು' ಎಂದು ಬೇರೆ ಕ್ರೈಸ್ತ ಸಭೆಗಳ ಗೆಳತಿಯರು ಆಗಾಗ ಕೆಣಕುತ್ತಾರೆ. ನನಗೇನೂ ಬೇಸರವಿಲ್ಲ. ಸಂತ ಅಂತೋನಿಯ ಪ್ರತಿಮೆ ದೇವರಲ್ಲ ಎಂದು ನನ್ನಜ್ಜಿಗೂ ಗೊತ್ತು. ನನಗೆ ಅನುಮಾನವಿರುವುದು ಬೇರೆ ವಿಗ್ರಹಗಳ ಮೇಲೆ.

1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2113ನೇ ಪರಿಚ್ಛೇದ ಹಣ, ಅಧಿಕಾರ, ಸುಖ, ಜನಾಂಗ, ರಾಷ್ಟ್ರವನ್ನೂ ವಿಗ್ರಹಗಳ ಸಾಲಿಗೆ ಸೇರಿಸುತ್ತದೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ಹಣದ ಆರಾಧನೆಯನ್ನು ಬೈಬಲ್ಲಿನ ಬಂಗಾರದ ಕರುವಿಗೆ ಹೋಲಿಸಿದರು. ಆ ಕರುವನ್ನು ಜನ ತಮ್ಮದೇ ಕಿವಿಯೋಲೆ ಬಿಚ್ಚಿಕೊಟ್ಟು ಮಾಡಿಸಿಕೊಂಡಿದ್ದರು.

ನಮ್ಮ ವಯಸ್ಸಿನವರ ಕರು ಗಲ್ಫ್ ವೀಸಾ, ಬೆಂಗಳೂರಿನ ಪ್ಯಾಕೇಜು. ಒಂಬತ್ತು ದಿನ ನೊವೇನಾ, ಕೆಲಸ ಸಿಕ್ಕರೆ ಹರಕೆ, ಸಿಗದಿದ್ದರೆ ಮುನಿಸು. ಇದು ಪ್ರಾರ್ಥನೆಯೋ ವ್ಯಾಪಾರವೋ? ಕೆಲಸ ಹುಡುಕುತ್ತಿರುವ ನಾನೂ ನೊವೇನಾ ಹೇಳುತ್ತೇನೆ, ಬಿಡುವುದಿಲ್ಲ. ಆದರೆ ಸಂಬಳ ಕೇಳಿ ಮನುಷ್ಯನ ಬೆಲೆ ಕಟ್ಟುವ ಮದುವೆ ಮಾತುಕತೆಗಳಲ್ಲಿ ತಲೆಯಾಡಿಸಲಾರೆ.

ದೊಡ್ಡವರ ಕರು ಕಾಫಿ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಬಲಿಪೂಜೆ ಮುಗಿಸಿ ಚರ್ಚ್ ಅಂಗಳಕ್ಕೆ ಬಂದವರ ಬಾಯಲ್ಲೆಲ್ಲ ರೇಟಿನದೇ ಮಾತು. (ಪ್ರವಚನ ಯಾವುದರ ಬಗ್ಗೆ ಇತ್ತೆಂದು ಕೇಳಿದ್ದರೆ ಇಬ್ಬರು ಹೇಳಿಯಾರು.) ರೇಟು ಕೇಳುವುದು ತಪ್ಪಲ್ಲ, ಬೆಳೆಗಾರನ ಸಾಲ ತೀರಬೇಕಲ್ಲ. ಆದರೆ ಕೊಯ್ಲಿನ ಭರಾಟೆಯಲ್ಲಿ ಲೈನುಮನೆಯ ಹೆಂಗಸಿಗೆ ಭಾನುವಾರವೂ ರಜೆ ಇಲ್ಲವೆಂದರೆ? ಮಾಲೀಕರು ಮಾತ್ರ ಬೆಳಿಗ್ಗೆ ಎಂಟಕ್ಕೆ ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಸಬ್ಬತ್ ವಿಶ್ರಾಂತಿ ಆಳಿಗೂ ಎತ್ತಿಗೂ ಸಲ್ಲಬೇಕೆಂದು ಹತ್ತು ಆಜ್ಞೆಗಳಲ್ಲೇ ಇದೆ.

ನಮ್ಮ ಯುವಜನರ ಮುಂದಿನ ಸಭೆಯಲ್ಲಿ ಇದನ್ನು ಎತ್ತುತ್ತೇನೆ. ಭಾನುವಾರ ರಜೆ ಕೊಡುವ ತೋಟಗಳು ನಮ್ಮವರವು ಎಷ್ಟಿವೆ?