ಹೊರಡುವ ಗೇರು ಯಾರ ಕೈಯಲ್ಲಿರಬೇಕು?

ತಾನೇ ಗೇರು ಬದಲಿಸಿಕೊಳ್ಳುವ ಕಾರುಗಳು ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲೂ ಕಾಣುತ್ತಿವೆ. ಬೆಂಗಳೂರಿನಲ್ಲಿರುವ ಮಕ್ಕಳು ತಮ್ಮ ಹಳೆಯ ಆಟೋಮ್ಯಾಟಿಕ್ ಕಾರನ್ನು ಊರಿಗೆ ತಂದು ಬಿಡುವುದುಂಟು. ಕ್ಲಚ್ ತುಳಿಯುವ ಗೋಜಿಲ್ಲ. ಮಂಡಿನೋವಿನ ಹಿರಿಯರಿಗೆ ಅನುಕೂಲವೇ ಸರಿ. ಆದರೆ "ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ" ಎಂಬ ಮಾತನ್ನು ಬೆಳೆಗಾರರು ನಂಬಬಾರದೆಂಬುದು ನನ್ನ ಅಭಿಪ್ರಾಯ.

ನಮ್ಮ ನೆರೆಯ ತೋಟದವರೊಬ್ಬರು ಅಂಥ ಹಳೆಯ ಕಾರಿನಲ್ಲಿ ಅಡಿಕೆ ಮೂಟೆ ಹೇರಿಕೊಂಡು ತೋಟದ ಏರುದಾರಿಯನ್ನು ದಿನವೂ ಹತ್ತಿಸುತ್ತಿದ್ದರು. ಕಾರು ಮುಕ್ಕರಿಯುತ್ತ ಹೊರಡುತ್ತಿತ್ತು. ಸುಗ್ಗಿ ಮುಗಿಯುವ ಮುನ್ನವೇ ಒಂದು ದಿನ ಏರಿನ ನಡುವೆ ನಿಂತುಹೋಯಿತು. ಗೇರ್‌ಬಾಕ್ಸಿನ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿತ್ತು. ಅವರು ಲಿವರನ್ನು 'ಡಿ' ಬಿಟ್ಟು ಒಮ್ಮೆಯೂ ಕೆಳಕ್ಕೆ ಎಳೆದಿರಲಿಲ್ಲ.

ಹಳೆಯ ಗೇರ್‌ಬಾಕ್ಸಿಗೆ ಎಣ್ಣೆಯ ಒತ್ತಡವೇ ಬುದ್ಧಿ. ಗಾಡಿಯ ವೇಗಕ್ಕೆ ತಕ್ಕಂತೆ ಗವರ್ನರ್ ಒಂದು ಒತ್ತಡ ಕೊಡುತ್ತದೆ. ಆಕ್ಸಿಲರೇಟರ್ ತುಳಿತಕ್ಕೆ ತಕ್ಕಂತೆ ಇನ್ನೊಂದು ಒತ್ತಡ ಬರುತ್ತದೆ. ಇವೆರಡರ ಜಗ್ಗಾಟದಲ್ಲಿ ವಾಲ್ವು ಸರಿದ ಕಡೆಗೆ ಗೇರು ಬೀಳುತ್ತದೆ. ಎತ್ತಿಗೆ ನೊಗದಲ್ಲೇ ಹೊರೆಯ ಭಾರ ತಿಳಿಯುತ್ತದೆ. ಈ ಯಂತ್ರಕ್ಕೆ ನಿಮ್ಮ ಪಾದ ಮತ್ತು ಚಕ್ರದ ವೇಗ ಬಿಟ್ಟು ಬೇರೇನೂ ತಿಳಿಯದು.

ಹೊರಡುವಾಗ ಯಾವ ಗೇರು ಎಂಬುದನ್ನು ತಯಾರಕರು ಮೊದಲೇ ತೀರ್ಮಾನಿಸಿರುತ್ತಾರೆ. ಬಹಳಷ್ಟು ಗಾಡಿಗಳು ಒಂದನೇ ಗೇರಿನಲ್ಲೇ ಹೊರಡುತ್ತವೆ, ಎಲ್ಲವೂ ಅಲ್ಲ. 1950ರಲ್ಲಿ ಬಂದ ಷೆವ್ರೊಲೆಯ ಪವರ್‌ಗ್ಲೈಡ್ 'ಡ್ರೈವ್'ನಲ್ಲಿ ಮೇಲಿನ ಗೇರಿನಲ್ಲೇ ಹೊರಡುತ್ತಿತ್ತು. 1953ರಲ್ಲಿ ಅದನ್ನು ತಿದ್ದಿದರು. 1951ರ ಫೋರ್ಡೋಮ್ಯಾಟಿಕ್‌ಗೆ ಮೂರು ಗೇರಿದ್ದರೂ ಸಾಮಾನ್ಯವಾಗಿ ಎರಡನೆಯದರಲ್ಲಿ ಹೊರಡುತ್ತಿತ್ತು. 1980ರ ದಶಕದ ಹಲವು ಮರ್ಸಿಡಿಸ್ ಕಾರುಗಳೂ ಮೆಲ್ಲಗೆ ತುಳಿದರೆ ಎರಡನೆಯದರಲ್ಲೇ ಹೊರಡುತ್ತವೆ. ಜೋರಾಗಿ ತುಳಿದರೆ ಮಾತ್ರ ಒಂದನೆಯದು ಬೀಳುತ್ತದೆ. ಜರ್ಕು ಇಲ್ಲದೆ ನುಣುಪಾಗಿ ಸಾಗಲಿ ಎಂಬುದು ಇದರ ಉದ್ದೇಶ. ಕೊರತೆ ಬಿದ್ದ ಎಳೆತವನ್ನು ಟಾರ್ಕ್ ಕನ್ವರ್ಟರ್ ತುಂಬಿಕೊಡುತ್ತದೆ. ಡಾಂಬರು ರಸ್ತೆಯ ಪಟ್ಟಣಕ್ಕೆ ಇದು ಸರಿ. ಏರಿನಲ್ಲಿ ಹೊರೆಯಿದ್ದಾಗ ಅದೇ ಕನ್ವರ್ಟರ್ ಜಾರುತ್ತ ಎಣ್ಣೆಯನ್ನು ಕಾಯಿಸುತ್ತದೆ.

ಹೀಗೆಂದು ಆ ಕಾರುಗಳನ್ನು ದೂಡಬೇಕಿಲ್ಲ. ಅದರ ನಿಯಮ ತಿಳಿದು ನಡೆಸಿದರೆ ಸಾಕು. ಕೊಳ್ಳುವ ಮೊದಲು ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಹೊರಟು, ಕೊನೆಯ ಗೇರಿನವರೆಗೆ ಎಷ್ಟು ಸಲ ಬದಲಾಯಿತೆಂದು ಎಣಿಸಿ. ನಾಲ್ಕು ಗೇರಿನ ಹಳೆಯ ಗಾಡಿ ಎರಡೇ ಸಲ ಬದಲಿಸಿದರೆ ಅದು ಎರಡನೆಯದರಲ್ಲಿ ಹೊರಟಿದೆ ಎಂದು ಅನುಮಾನಿಸಿ, ಗಾಡಿಯ ಕೈಪಿಡಿ ನೋಡಿ. ಹೊರೆಯೊಡನೆ ಏರು ಹತ್ತುವಾಗ ಒಂದನೇ ಗೇರು ಕೊಡುವ ಸ್ಥಾನಕ್ಕೆ ಲಿವರನ್ನು ನೀವೇ ಎಳೆಯಿರಿ. ಸಮತಟ್ಟು ಸಿಕ್ಕಮೇಲೆ 'ಡಿ'ಗೆ ತನ್ನಿ. ಎಣ್ಣೆಯ ಬಣ್ಣ, ವಾಸನೆಗಳನ್ನು ಆಗಾಗ ನೋಡುತ್ತಿರಿ.

ಹಳೆಯ ಗಾಡಿ ಮಾರುವವರು ಇಷ್ಟು ವಿಷಯವನ್ನಾದರೂ ಹೇಳಿ ಮಾರಬೇಕು. ಸುಗ್ಗಿಗೆ ಮುನ್ನ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸುವುದು ನಮ್ಮ ಸಹಕಾರ ಸಂಘಕ್ಕೆ ಹೊರೆಯಾಗಲಾರದು. ಪವರ್ ಟಿಲ್ಲರಿನ ಗೇರನ್ನು ನೆಲ ನೋಡಿ ಹಾಕುವ ನಮಗೆ ಇದು ಕಷ್ಟದ ಪಾಠವೇನಲ್ಲ.