ಅಡ್ಡಿ ಯಾರದು?

ಪುತ್ತೂರಿನ ದರ್ಬೆಯಲ್ಲಾಗಲಿ, ಸುಳ್ಯದ ಪೇಟೆಯಲ್ಲಾಗಲಿ, ಕಡಬದಲ್ಲಾಗಲಿ ಪೊಲೀಸರು ವಾಹನ ತಡೆದು ತಪಾಸಣೆ ನಡೆಸುವುದನ್ನು ನಾನು ಆಕ್ಷೇಪಿಸುವವನಲ್ಲ. ಮಾಣಿ–ಮೈಸೂರು ಹೆದ್ದಾರಿಯ ತಿರುವುಗಳನ್ನು ಬಲ್ಲವರಾರೂ ಹೆಲ್ಮೆಟ್ ಬೇಡವೆನ್ನಲಾರರು. ನನ್ನ ತಕರಾರಿರುವುದು ತಡೆದ ಮೇಲಿನ ನಡತೆಯ ಬಗ್ಗೆ.

ಹೆಲ್ಮೆಟ್ ಇಲ್ಲದ ತಪ್ಪಿಗೆ ನಮ್ಮ ರಾಜ್ಯದಲ್ಲಿ ದಂಡ 500 ರೂಪಾಯಿ. ತೆತ್ತರೆ ಮುಗಿಯಿತು. ಆದರೆ ಸವಾರನು, "ಗಾಡಿಯ ಕೀ ಏಕೆ ಕಿತ್ತಿರಿ ಸ್ವಾಮಿ?" ಎಂದು ಕೇಳಿದನೋ, ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸುವವರೆಗೆ ಹೋಗಬಹುದು. ಆಮೇಲೆ ಪೆಟ್ಟು ತಿಂದವನ ತಲೆಗೇ ‘ಕರ್ತವ್ಯಕ್ಕೆ ಅಡ್ಡಿ’ಯ ಮೊಕದ್ದಮೆ!

ಕಾನೂನು ಇಷ್ಟು ಒರಟಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 221ನೆಯ ಕಲಮಿನಂತೆ ಸರಕಾರಿ ನೌಕರನಿಗೆ ಅಡ್ಡಿಪಡಿಸಿದರೆ ಹೆಚ್ಚೆಂದರೆ 3 ತಿಂಗಳ ಸಜೆ; ಅದಕ್ಕೆ ಜಾಮೀನು ಹಕ್ಕಾಗಿಯೇ ದೊರೆಯುತ್ತದೆ. 132ನೆಯದು ಹಲ್ಲೆಗೆ, ಬಲಪ್ರಯೋಗಕ್ಕೆ ಸಂಬಂಧಿಸಿದ್ದು. ಸಜೆ 2 ವರ್ಷದವರೆಗೆ, ಜಾಮೀನು ಸುಲಭವಲ್ಲ. ಬರಿಯ ಪ್ರಶ್ನೆ ಇವೆರಡರಲ್ಲಿ ಯಾವುದೂ ಅಲ್ಲ. ಪ್ರಶ್ನೆಯನ್ನು ಹಲ್ಲೆಯೆಂದು ಬರೆದುಕೊಳ್ಳುವ ಲೇಖನಿಯೇ ಲಾಠಿಗಿಂತ ಭಯಂಕರ.

ಘಟ್ಟದ ಮೇಲಿನ ಚಿಕ್ಕಮಗಳೂರಿನಲ್ಲಿ 2023ರ ನವೆಂಬರ್ 30ರಂದು ಹೆಲ್ಮೆಟ್ ಧರಿಸದ ತರುಣ ವಕೀಲರೊಬ್ಬರನ್ನು ಠಾಣೆಯಲ್ಲಿ ಥಳಿಸಿದರೆಂಬ ದೂರು ಎದ್ದಿತು. ವಕೀಲರು ಕಲಾಪ ಬಹಿಷ್ಕರಿಸಿದರು. ಆರು ಮಂದಿ ಪೊಲೀಸರು ಅಮಾನತಾದರು. ಹೈಕೋರ್ಟು ತಾನಾಗಿ ವಿಚಾರಣೆಗೆ ಎತ್ತಿಕೊಂಡಿತು. ಆ ತರುಣನ ಬೆನ್ನಿಗೆ ಕರಿಕೋಟುಗಳಿದ್ದುವು. ನಮ್ಮ ಕಡಬದ ರಬ್ಬರ್ ಟ್ಯಾಪಿಂಗಿನ ಕೂಲಿಯವನ ಬೆನ್ನಿಗೆ ಯಾರಿದ್ದಾರೆ? ಕೋರ್ಟಿಗೆ ಅಲೆದಷ್ಟು ದಿನವೂ ಅವನ ಕೂಲಿ ಹೋದಂತೆಯೇ.

2025ರ ಮೇ 26ರಂದು ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗಾಗಿ ತಡೆದಾಗ ಬೈಕಿನಿಂದ ಬಿದ್ದ ಪುಟ್ಟ ಮಗುವೊಂದು ಲಾರಿಯಡಿ ಸಿಕ್ಕಿ ಸತ್ತಿತು. ಕೀ ಕೀಳಬಾರದು, ಓಡುವ ವಾಹನಕ್ಕೆ ಹಠಾತ್ತನೆ ಅಡ್ಡ ಬರಬಾರದು ಎಂದು ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಸೂಚಿಸಿದರು. ಹಾಗಾದರೆ ಕೀ ಕಿತ್ತವನನ್ನು ಪ್ರಶ್ನಿಸಿದ ಸವಾರ ಕರ್ತವ್ಯಕ್ಕೆ ಅಡ್ಡಿ ಮಾಡಿದನೇ, ಕರ್ತವ್ಯವನ್ನು ನೆನಪಿಸಿದನೇ?

ಮಳೆಗಾಲದ ಜಡಿಮಳೆಯಲ್ಲಿ ನಿಂತು ದುಡಿಯುವ ಪೇದೆಯ ಕಷ್ಟವನ್ನು ನಾನು ಬಲ್ಲೆ; ಅವನ ಮೇಲೆ ಕೈಯೆತ್ತಿದವನಿಗೆ ಶಿಕ್ಷೆಯಾಗಲೇಬೇಕು. ಅದಕ್ಕಾಗಿಯೇ ಹೇಳುತ್ತೇನೆ: ತಪಾಸಣೆಗೆ ನಿಂತ ಪ್ರತಿಯೊಬ್ಬ ಪೊಲೀಸನ ಎದೆಯ ಮೇಲೆ ಕ್ಯಾಮೆರಾ ಇರಲಿ, ಅದು ಚಾಲೂ ಇರಲಿ. ಹಲ್ಲೆಯ ಆರೋಪ ಹೊತ್ತು ಬಂದವನ ಮುಂದೆ ನ್ಯಾಯಾಧೀಶರು ಮೊದಲು ಆ ಚಿತ್ರವನ್ನು ಕೇಳಲಿ. ಸತ್ಯವಂತ ಪೇದೆಗೂ ಸಾಧು ಸವಾರನಿಗೂ ಅದೇ ರಕ್ಷೆ. ಅದನ್ನು ಬೇಡವೆನ್ನುವವರು ಯಾರೆಂದು ಓದುಗರೇ ಊಹಿಸಿಕೊಳ್ಳಲಿ.