ಋತುವಿಗೊಂದು ಜಾಗ

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಮನೆಗಳ ಮುಂಬಾಗಿಲ ಚಹರೆಯೇ ಬದಲಾಗುತ್ತದೆ. ಮೆಟ್ಟಿಲ ಮೇಲೆ ಕುಂಬಳಕಾಯಿ ಬಂದು ಕೂರುತ್ತದೆ. ಜಗಲಿಯ ಕಂಬಕ್ಕೆ ಒಣಗಿದ ಮುಸುಕಿನ ಜೋಳದ ದಂಟನ್ನು ಕಂತೆ ಕಟ್ಟಿ ನಿಲ್ಲಿಸುತ್ತಾರೆ. ಬಾಗಿಲಿಗೆ ಒಣಬಳ್ಳಿ, ಒಣಹೂ ಸುತ್ತಿದ ಚಕ್ರ. ಪಕ್ಕದಲ್ಲಿ ಸೇವಂತಿಗೆಯ ಕುಂಡ. ಅದೇ ಹೊತ್ತಿಗೆ, ಅದೇ ಬೀದಿಯ ಕನ್ನಡಿಗರ ಮನೆಯಲ್ಲಿ ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ. ಹೊರಗೆ ಫಾಲ್ ಎನ್ನುವ ಶರತ್ಕಾಲ, ಒಳಗೆ ನವರಾತ್ರಿ. ಒಂದು ಅವರದು, ಇನ್ನೊಂದು ನಮ್ಮದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿರುವವರು ಬಹಳ. ಆ ಗೆರೆ ಬೇಕಿಲ್ಲ ಎಂಬುದು ನನ್ನ ವಾದ. ನೆಲೆಸಿದ ಊರಿನ ಋತುವನ್ನು ಮನೆಯೊಳಗೆ ಕರೆದಾಗಲೇ ಆ ಊರು ನಮ್ಮದಾಗುತ್ತದೆ. ಅದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ, ಹೆಚ್ಚು ಸಾಮಾನೂ ಬೇಕಿಲ್ಲ.

ಗಿಡಗಳ ವಂಶಾವಳಿಯನ್ನೇ ನೋಡಿ. ಆಯುಧಪೂಜೆಯ ದಿನ ಬಸ್ಸು, ಲಾರಿ, ಲೇತ್ ಮಷೀನಿಗೆಲ್ಲ ನಾವು ಹಾಕುವ ಚೆಂಡುಹೂವಿನ ತವರು ಮೆಕ್ಸಿಕೋ. ಅಲ್ಲಿನ ಜನ ಇಂದಿಗೂ ನವೆಂಬರ್ 1 ಮತ್ತು 2ರಂದು ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬಕ್ಕೆ ಮನೆ, ಸಮಾಧಿಗಳನ್ನೆಲ್ಲ ಈ ಹೂವಿನಿಂದಲೇ ಸಿಂಗರಿಸುತ್ತಾರೆ. ನಮ್ಮ ಹುಳಿಗೂ ಪಲ್ಯಕ್ಕೂ ಬರುವ ಸಿಹಿಗುಂಬಳ, ಹೊಲದ ಮುಸುಕಿನ ಜೋಳ, ಇವು ಕೂಡ ಅಮೆರಿಕ ಖಂಡದಿಂದ ಕಳೆದ ಐದು ಶತಮಾನಗಳಲ್ಲಿ ನಮ್ಮಲ್ಲಿಗೆ ಬಂದವು. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಮಾತ್ರ ಏಷ್ಯಾದ್ದು. ಇನ್ನು ಸೇವಂತಿಗೆ ಇಬ್ಬರಿಗೂ ನೆಂಟ. ಚೀನಾದಲ್ಲಿ ಸಾವಿರಾರು ವರ್ಷ ಬೆಳೆದ ಆ ಹೂವು ಅಮೆರಿಕಕ್ಕೆ ಹೋದದ್ದು 18ನೇ ಶತಮಾನದ ಕೊನೆಯಲ್ಲಿ. ನ್ಯೂಜೆರ್ಸಿಯ ಮೆಟ್ಟಿಲ ಮೇಲೆ ಇಟ್ಟ ಕುಂಡವನ್ನು ಕಂಡು ಮೈಸೂರಿನಿಂದ ಬಂದ ಅಜ್ಜಿ ‘ಇದು ನಮ್ಮ ಸೇವಂತಿಗೆ ಅಲ್ವೇನೇ’ ಎಂದರೆ, ಆ ಗುರುತಿನಲ್ಲಿ ತಪ್ಪೇನೂ ಇಲ್ಲ.

ಎರಡು ದೇಶಗಳಲ್ಲೂ ಸೇವಂತಿಗೆ ಈ ಕಾಲದಲ್ಲೇ ಮೈತುಂಬ ಅರಳುವುದಕ್ಕೆ ಕಾರಣವಿದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ಎಷ್ಟೋ ಗಿಡಗಳು ಹೂ ಬಿಡುವ ಕಾಲವನ್ನು ಹಗಲು–ರಾತ್ರಿಗಳ ಉದ್ದದಿಂದ ಅರಿಯುತ್ತವೆ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಜಾತಿ. ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರರು ರಾತ್ರಿ ಹೊಲದಲ್ಲಿ ಸಾಲು ಬಲ್ಬು ಉರಿಸಿ, ಹೂವನ್ನು ತಮಗೆ ಬೇಕಾದ ಹಬ್ಬದ ವಾರಕ್ಕೆ ತರುವುದು ಇದೇ ಗುಟ್ಟಿನಿಂದ. ಮನೆಯವರಿಗೂ ಇದರಿಂದ ಉಪಯೋಗವುಂಟು. ಪೂರ್ತಿ ಅರಳಿದ ಕುಂಡ ತಂದರೆ ಬೇಗ ಬಾಡುತ್ತದೆ. ಮೊಗ್ಗು ತುಂಬಿದ, ಅಲ್ಲೊಂದು ಇಲ್ಲೊಂದು ಬಣ್ಣ ಕಾಣುವ ಗಿಡವನ್ನು ಆರಿಸಿ. ನೀರನ್ನು ಹೂವಿನ ಮೇಲೆ ಹೊಯ್ಯದೆ ಬುಡಕ್ಕೆ ಹಾಕಿ. ಅಂಥ ಒಂದೇ ಕುಂಡ ವಾರಗಟ್ಟಲೆ ಬಾಗಿಲನ್ನು ಬೆಳಗುತ್ತದೆ.

ಇಷ್ಟು ಸುಲಭವಾದದ್ದು ಈಗ ಕಷ್ಟವಾಗಿರುವುದು ಅಂಗಡಿಗಳಿಂದ. ಬೇಸಿಗೆ ಇನ್ನೂ ಸುಡುತ್ತಿರುವಾಗಲೇ ಪ್ಲಾಸ್ಟಿಕ್ ಮೇಪಲ್ ಎಲೆ, ಫೋಮಿನ ಕುಂಬಳಕಾಯಿ, ಕಿತ್ತಳೆ ಬಣ್ಣದ ಪಾಲಿಯೆಸ್ಟರ್ ರಿಬ್ಬನ್ ಬಂದು ಸಾಲುಗಟ್ಟುತ್ತವೆ. ಹೊರಗಿನ ಮರದಲ್ಲಿ ಒಂದೆಲೆಯೂ ಹಣ್ಣಾಗಿರುವುದಿಲ್ಲ, ಒಳಗೆ ಗೋಡೆಯ ತುಂಬ ಕೆಂಪೆಲೆ. ಇದರಲ್ಲಿ ಋತುವೇ ಇಲ್ಲ. ಋತು ಎಂದರೆ ಬರುವುದು, ಇದ್ದು ಹೋಗುವುದು. ಪ್ಲಾಸ್ಟಿಕ್ಕಿಗೆ ಬಂದದ್ದೂ ತಿಳಿಯದು, ಹೋಗುವುದೂ ತಿಳಿಯದು. ಬೀದಿಯ ಮರ ಕೆಂಪಾಗುವ ತನಕ ಕಾಯುವುದೇ ಈ ಅಲಂಕಾರದ ಮೊದಲ ಕೆಲಸ.

ಎರಡನೆಯದು, ಜಾಗವನ್ನು ಕಿರಿದು ಮಾಡಿಕೊಳ್ಳುವುದು. ಇದನ್ನು ಜಪಾನಿನವರಿಂದ ಕಲಿಯಬೇಕು. ಅವರ ಹಳೆಯ ಮಾದರಿಯ ಮನೆಗಳಲ್ಲಿ ತೊಕೊನೋಮ ಎಂಬ ಒಂದು ಗೂಡು ಇರುತ್ತದೆ. ಗೋಡೆಯಲ್ಲಿ ತುಸು ಒಳಸರಿದು, ನೆಲಕ್ಕಿಂತ ತುಸು ಎತ್ತರದಲ್ಲಿರುವ ಆ ಜಾಗದಲ್ಲಿ ಕಾಲಕ್ಕೆ ಒಪ್ಪುವ ಒಂದು ಚಿತ್ರಪಟ, ಒಂದು ಹೂಜೋಡಣೆ. ಮನೆಯ ಉಳಿದೆಲ್ಲ ಭಾಗ ಬರಿದು. ಶರತ್ಕಾಲದ ಹುಣ್ಣಿಮೆ ನೋಡುವ ಹಬ್ಬಕ್ಕೆ ಅವರು ಮುಖ್ಯವಾಗಿ ಇಡುವುದು ಕೆಲವು ಎಸಳು ಸುಸುಕಿ ಹುಲ್ಲು ಮತ್ತು ಅಕ್ಕಿಹಿಟ್ಟಿನ ಉಂಡೆಗಳು. ನಮ್ಮ ಗೊಂಬೆ ಹಬ್ಬದ ಕ್ರಮವೂ ಇದೇ ಅಲ್ಲವೇ? ಮನೆಯಲ್ಲಿ ಒಂದು ಕಡೆ ಮೆಟ್ಟಿಲು ಕಟ್ಟಿ, ಪಟ್ಟದ ಗೊಂಬೆಗಳನ್ನು ಕೂರಿಸಿ, ಒಂಬತ್ತು ದಿನ ಮನೆಯವರ ಗಮನವನ್ನೆಲ್ಲ ಅಲ್ಲಿಗೆ ತರುತ್ತೇವೆ. ಮನೆ ತುಂಬ ಹರಡಿದರೆ ಅಲಂಕಾರ ಸಾಮಾನಾಗುತ್ತದೆ. ಒಂದು ಜಾಗದಲ್ಲಿ ಕೂಡಿಸಿದರೆ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಹೊಸ್ತಿಲ ಪಕ್ಕ, ಊಟದ ಮೇಜಿನ ನಡುವೆ, ಕಿಟಕಿಯ ಕಟ್ಟೆ, ಯಾವುದಾದರೂ ಸರಿ.

ಆ ಜಾಗಕ್ಕೆ ತರಬೇಕಾದ ಮೊದಲ ವಸ್ತು ಎಲೆ. ಬೇಸಿಗೆಯುದ್ದಕ್ಕೂ ಎಲೆಯನ್ನು ಹಸಿರಾಗಿಟ್ಟ ಕ್ಲೋರೊಫಿಲ್ ಹಗಲು ಕಿರಿದಾದಂತೆ ಒಡೆದು ಕರಗುತ್ತದೆ. ಮೊದಲಿಂದಲೂ ಒಳಗಿದ್ದ ಹಳದಿ ಕೆರೋಟಿನಾಯ್ಡುಗಳು ಆಗ ಕಣ್ಣಿಗೆ ಬೀಳುತ್ತವೆ. ಮೇಪಲ್‌ನ ಕೆಂಪು ಹಾಗಲ್ಲ; ಅದು ಆ ಹೊತ್ತಿನಲ್ಲಿ ಹೊಸದಾಗಿ ಆಗುವ ಬಣ್ಣ. ತೊಟ್ಟಿನ ಬುಡದಲ್ಲಿ ಪದರ ಕಟ್ಟಿ ನಾಳಗಳು ಮುಚ್ಚುತ್ತಿರುವಾಗ ಎಲೆಯಲ್ಲೇ ಉಳಿದ ಸಕ್ಕರೆಯಿಂದ ಆಂಥೊಸಯಾನಿನ್ ಹುಟ್ಟುತ್ತದೆ. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಣ್ಣನೆಯ ರಾತ್ರಿ ಕೂಡಿಬಂದ ವರ್ಷ ಕೆಂಪು ಹೆಚ್ಚು. ಬಿದ್ದ ಎಲೆಯೊಂದನ್ನು ಎತ್ತಿ ಹತ್ತಿರದಿಂದ ನೋಡಿ. ಕೆಲವೊಮ್ಮೆ ಕೆಂಪಿನ ನಡುವೆ ಒಂದು ಹಳದಿ ತುಂಡು, ಅದರ ಅಂಚು ಇನ್ನೊಂದು ಎಲೆಯ ಅಂಚಿನಂತೆಯೇ ಕತ್ತರಿಸಿದಂತೆ ಇರುತ್ತದೆ. ಮೇಲಿನ ಎಲೆಯ ನೆರಳು ಬಿದ್ದ ಕಡೆ ಬಿಸಿಲು ಸಾಲದೆ ಕೆಂಪು ಹುಟ್ಟಲಿಲ್ಲ. ಕೊಂಬೆಯ ಮೇಲೆ ಪಕ್ಕದಲ್ಲಿದ್ದವರ ಗುರುತು ಅದು.

ಇಂಥ ಎಲೆಯನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ಒಂದು ಪಾತ್ರೆಯಲ್ಲಿ ಬಿಸಿನೀರು, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಜೇನುಮೇಣ ಕರಗಿಸಿ. ಎಲೆಯನ್ನು ಮೊದಲು ಒರೆಸಿ, ಒಂದು ದಿನ ಪುಸ್ತಕದ ನಡುವೆ ಒತ್ತಿಡಿ. ತೊಟ್ಟು ಹಿಡಿದು ಮೇಣದಲ್ಲಿ ಒಮ್ಮೆ ಅದ್ದಿ, ಹನಿ ಇಳಿಯುವವರೆಗೆ ಹಿಡಿದು, ದಾರಕ್ಕೆ ಸಿಕ್ಕಿಸಿ. ಮೇಣ ಆರಿದ ಮೇಲೆ ಎಲೆಗೆ ನೀರು ಹಚ್ಚಿದ ಹೊಳಪು, ಬಣ್ಣ ವಾರಗಟ್ಟಲೆ ನಿಲ್ಲುತ್ತದೆ. ಮಾವಿನೆಲೆಯ ತೋರಣ ಕಟ್ಟಿ ಅಭ್ಯಾಸವಿರುವ ಕೈಗೆ ಮೇಪಲ್ ಎಲೆಯ ತೋರಣ ಕಲಿಸಬೇಕಾಗಿಲ್ಲ. ಇಡೀ ರೆಂಬೆ ಬೇಕೆನ್ನುವವರು ಒಂದು ಪಾಲು ಗ್ಲಿಸರಿನ್, ಎರಡು ಪಾಲು ಬಿಸಿನೀರು ಬೆರೆಸಿ, ಕಡ್ಡಿಯ ತುದಿಯನ್ನು ಜಜ್ಜಿ ಅದರಲ್ಲಿ ನಿಲ್ಲಿಸಬೇಕು. ಆದರೆ ರೆಂಬೆಯನ್ನು ಎಲೆ ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದಿರಬೇಕು. ನಾಳ ಮುಚ್ಚಿದ ಮೇಲೆ ಅದು ಏನನ್ನೂ ಹೀರುವುದಿಲ್ಲ.

ಕುಂಬಳಕಾಯಿಯ ಚರಿತ್ರೆ ದೊಡ್ಡದು. ಮೆಕ್ಸಿಕೋದ ಓಹಾಕಾ ಪ್ರಾಂತದ ಗುಹೆಯೊಂದರಲ್ಲಿ ಸಿಕ್ಕ ಬೀಜಗಳು ಮನುಷ್ಯ ಅದನ್ನು ಸಾಕಿ ಸುಮಾರು 10,000 ವರ್ಷವಾಯಿತೆಂದು ತೋರಿಸಿವೆ. ಅದನ್ನು ಕೆತ್ತಿ ಒಳಗೆ ದೀಪವಿಡುವ ಪದ್ಧತಿ ಬಹಳ ಈಚಿನದು. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದ ಜನ 19ನೇ ಶತಮಾನದಲ್ಲಿ ವಲಸೆ ಬಂದಾಗ, ಹೊಸ ನೆಲದ ದೊಡ್ಡ ಕಾಯಿ ಆ ಕೆಲಸಕ್ಕೆ ಇನ್ನೂ ಚೆನ್ನಾಗಿ ಒದಗಿತು. ವಲಸೆ ಹೋದವರು ತಮ್ಮ ಹ್ಯಾಲೋವೀನ್ ಹಬ್ಬವನ್ನು ಹೊಸ ಊರಿನ ಬೆಳೆಯಿಂದ ಮಾಡಿಕೊಂಡ ಕಥೆ ಇದು. ಇವತ್ತು ವಲಸೆ ಹೋಗಿರುವ ನಮಗೆ ಇದಕ್ಕಿಂತ ಹತ್ತಿರದ ಮಾದರಿ ಬೇರೆ ಬೇಕಿಲ್ಲ.

ಕೆತ್ತಿದ ಕಾಯಿ ಒಂದು ವಾರ ಬಾಳಿದರೆ ಹೆಚ್ಚು. ಆದ್ದರಿಂದ ಅಕ್ಟೋಬರ್ 31ರ ಹ್ಯಾಲೋವೀನಿಗೆ ಎರಡು ದಿನ ಮೊದಲು ಕೆತ್ತಿದರೆ ಸಾಕು. ಕೆತ್ತದ ಕಾಯಿ ತಣ್ಣನೆಯ ಒಣ ಜಾಗದಲ್ಲಿ ಎರಡು ಮೂರು ತಿಂಗಳು ಇರುತ್ತದೆ, ಅಂದರೆ ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ದಾಟಿಯೂ. ಆರಿಸುವಾಗ ಉಗುರು ಒತ್ತಿ ನೋಡಿ, ಸಿಪ್ಪೆ ಬಗ್ಗಬಾರದು. ತೊಟ್ಟು ಗಟ್ಟಿಯಾಗಿರಬೇಕು. ತೊಟ್ಟು ಹಿಡಿದು ಎತ್ತಬೇಡಿ, ಅದು ಮುರಿದರೆ ಕೊಳೆಯುವುದು ಅಲ್ಲಿಂದಲೇ. ತೇವದ ನೆಲದ ಮೇಲೆ ನೇರವಾಗಿ ಇಡದೆ ಒಂದಿಷ್ಟು ಹುಲ್ಲು ಹಾಸಿ ಕೂರಿಸಿ, ಹಿಮ ಬೀಳುವ ರಾತ್ರಿ ಒಳಗೆ ತನ್ನಿ. ಬಣ್ಣ ಬಳಿಯಬೇಡಿ. ನೋಡಿ ಮುಗಿದ ಮೇಲೆ ಅದು ಹುಳಿಯಾಗಬೇಕು, ಬೀಜ ಹುರಿಗಡಲೆಯ ಜೊತೆಗೆ ಬಟ್ಟಲಿಗೆ ಬರಬೇಕು.

ಕುಂಬಳದ ಪಕ್ಕ ಮುಸುಕಿನ ಜೋಳ ಇಡುವುದಕ್ಕೆ ಅರ್ಥವಿದೆ. ಈಶಾನ್ಯ ಅಮೆರಿಕದ ಮೂಲನಿವಾಸಿಗಳಾದ ಹೌಡೆನೊಶೋನಿ ಜನ ಜೋಳ, ಹುರುಳಿಕಾಯಿ, ಕುಂಬಳಗಳನ್ನು ಮೂವರು ಅಕ್ಕತಂಗಿಯರೆಂದು ಕರೆದು ಒಂದೇ ಪಾತಿಯಲ್ಲಿ ಬೆಳೆದರು. ಜೋಳದ ದಂಟು ಹುರುಳಿಕಾಯಿಯ ಬಳ್ಳಿಗೆ ಊರುಗೋಲಾಯಿತು, ಹುರುಳಿಕಾಯಿಯ ಬೇರು ಮಣ್ಣಿಗೆ ಸಾರಜನಕ ಕೂಡಿಸಿತು, ಕುಂಬಳದ ಅಗಲ ಎಲೆ ನೆಲಕ್ಕೆ ನೆರಳಾಗಿ ಕಳೆ ತಡೆಯಿತು. ರಾಗಿ ಹೊಲದ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿತ್ತುವ ನಮ್ಮ ರೈತರಿಗೆ ಈ ಜಾಣ್ಮೆ ಥಟ್ಟನೆ ತಿಳಿಯುತ್ತದೆ. ನೇರಳೆ, ಕೆಂಪು, ಹಳದಿ ಕಾಳುಗಳ ಗಟ್ಟಿ ಜೋಳದ ತೆನೆಗಳನ್ನು ಸಿಪ್ಪೆ ಹಿಂದಕ್ಕೆ ಮಡಚಿ, ಮೂರು ತೆನೆ ಕೂಡಿಸಿ ಬಾಗಿಲಿಗೆ ಕಟ್ಟುವ ವಾಡಿಕೆ ಅಲ್ಲುಂಟು. ಕಟ್ಟುವಾಗ ಅದು ಯಾರ ಬೆಳೆ, ಯಾರ ನೆಲ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಆ ಮಾತಿಲ್ಲದಿದ್ದರೆ ತೆನೆ ಬರಿಯ ಬಣ್ಣದ ತುಂಡು.

ಒಂದು ಎಚ್ಚರವೂ ಬೇಕು. ರಸ್ತೆಬದಿಯ ಬೇಲಿಗಳಲ್ಲಿ ಹಳದಿ ಸಿಪ್ಪೆ ಒಡೆದು ಕೆಂಪು ಹಣ್ಣು ತೋರುವ ಬಳ್ಳಿಯೊಂದು ಈ ಕಾಲದಲ್ಲಿ ಕಣ್ಣು ಸೆಳೆಯುತ್ತದೆ. ಅದು ಪೂರ್ವ ಏಷ್ಯಾದಿಂದ ಬಂದ ಓರಿಯೆಂಟಲ್ ಬಿಟರ್‌ಸ್ವೀಟ್. ಬಾಗಿಲ ಚಕ್ರಕ್ಕೆ ಬಹಳ ಅಂದವೆಂದು ಜನ ಅದನ್ನು ಕೊಯ್ದು ತರುತ್ತಾರೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ, ಬಳ್ಳಿ ಮರಗಳನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳು ಅದರ ಮಾರಾಟವನ್ನೇ ನಿಷೇಧಿಸಿವೆ. ನಮ್ಮ ಕಾಡುಗಳಿಗೆ ಲಂಟಾನ ಬಂದದ್ದೂ ಅಂದದ ಗಿಡವಾಗಿಯೇ ಎಂಬುದನ್ನು ನೆನೆದರೆ ಆ ಬಳ್ಳಿಯತ್ತ ಕೈ ಹೋಗದು. ಕಾಡುದ್ರಾಕ್ಷಿಯ ಒಣಬಳ್ಳಿ ಚಕ್ರಕ್ಕೆ ಸಾಕು.

ಗೊಂಬೆ ಕೂರಿಸುವ ಮನೆಗಳಿಗೆ ನನ್ನ ಸಲಹೆ ಇಷ್ಟು. ಕೆಳಗಿನ ಮೆಟ್ಟಿಲಲ್ಲಿ ಊರಿನ ಸಂತೆ, ಶೆಟ್ಟಿ ಅಂಗಡಿ, ಪಾರ್ಕು ಮಾಡುವುದು ನಮ್ಮ ಸಂಪ್ರದಾಯ. ಆಯಾ ಮನೆಯವರು ಕಂಡ ಲೋಕಕ್ಕೆ ಅಲ್ಲಿ ಯಾವಾಗಲೂ ಜಾಗವಿದೆ. ಆ ಮೆಟ್ಟಿಲಿಗೆ ಓಕ್ ಮರದ ಕಾಯಿ, ಪೈನ್ ಕಾಯಿ, ಅಂಗೈಯಗಲದ ಪುಟ್ಟ ಕುಂಬಳ, ಒಣಹುಲ್ಲು ಇಡಿ. ಚನ್ನಪಟ್ಟಣದ ಗೊಂಬೆಗಳು ಮೇಪಲ್ ಎಲೆಯ ಹಾಸಿನ ಮೇಲೆ ನಿಲ್ಲಲಿ. ಬೊಂಬೆ ಬಾಗಿನಕ್ಕೆ ಬಂದ ಅಕ್ಕಪಕ್ಕದ ಅಮೆರಿಕನ್ ಮಕ್ಕಳು ತಮಗೆ ಗೊತ್ತಿರುವುದನ್ನು ಅಲ್ಲಿ ಗುರುತಿಸಿ, ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಚೆಂಡುಹೂ ಬೇಕಾದರೆ ಮೆಕ್ಸಿಕನ್ ಅಂಗಡಿಯಲ್ಲಿ ಅಕ್ಟೋಬರ್ ಕೊನೆಗೆ ಸಿಗುತ್ತದೆ. ದೀಪಾವಳಿಯ ಬಾಗಿಲಿಗೆ ಆಯಿತು.

ಕೊನೆಯ ಕೆಲಸ ತೆಗೆಯುವುದು. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ ಹಬ್ಬ ಮುಗಿಸುವ ಮರ್ಯಾದೆ ನಮ್ಮಲ್ಲಿದೆ. ಹಬ್ಬದ ಉಳಿದ ಸಾಮಗ್ರಿಗೆ ಮಾತ್ರ ಆ ಮರ್ಯಾದೆ ಸಿಗುತ್ತಿಲ್ಲ. ಆಯುಧಪೂಜೆಯ ಮರುದಿನ ಬೆಂಗಳೂರಿನ ರಸ್ತೆಗಳಲ್ಲಿ ಒಡೆದ ಬೂದುಗುಂಬಳಕ್ಕೆ ದ್ವಿಚಕ್ರ ವಾಹನಗಳು ಜಾರುತ್ತವೆ, ಬಾಳೆಕಂದುಗಳು ಮೂಲೆಯಲ್ಲಿ ಕೊಳೆಯುತ್ತವೆ. ಅಮೆರಿಕದಲ್ಲಿ ನವೆಂಬರ್ ಬಂದರೆ ಕುಂಬಳಕಾಯಿಗಳು ಕಸದ ಗುಂಡಿ ಸೇರಿ, ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತವೆ. ಎಲೆ, ದಂಟು, ಕಾಯಿಗಳನ್ನು ಹಿತ್ತಲಿನ ಗೊಬ್ಬರದ ಗುಡ್ಡೆಗೆ ಹಾಕಿದರೆ ಮುಂದಿನ ವರ್ಷದ ಸೇವಂತಿಗೆಗೆ ಅದೇ ಮಣ್ಣಾಗುತ್ತದೆ. ತಂದವರೇ ಮಣ್ಣಿಗೆ ಒಪ್ಪಿಸಿದರೆ ಅಲಂಕಾರ ಪೂರ್ತಿಯಾದಂತೆ.

ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಬಾಳಿಯೂ ಎದುರಿನ ಮರದ ಹೆಸರು ತಿಳಿಯದೆ ಇರುವುದು ವಲಸೆಯ ದೊಡ್ಡ ನಷ್ಟ. ಬೆಂಗಳೂರಿಗೆ ಬಂದು ಹೊಂಗೆ ಯಾವುದು, ಬಸವನಪಾದ ಯಾವುದು ಎಂದು ತಿಳಿಯದವರಿಗೂ ಈ ಮಾತು ಸಲ್ಲುತ್ತದೆ. ಅಲಂಕಾರ ಅದಕ್ಕೊಂದು ಒಳ್ಳೆಯ ನೆಪ. ಈ ವಾರ ಮನೆಯಲ್ಲಿ ಒಂದು ಜಾಗ ತೆರವು ಮಾಡಿ. ಅದನ್ನು ತುಂಬುವ ಕೆಲಸ ಮಕ್ಕಳದಾಗಲಿ. ನಡೆದುಹೋಗುವಷ್ಟು ದೂರದಲ್ಲಿ ಬಿದ್ದದ್ದನ್ನು ಅವರೇ ಆರಿಸಿ ತರಲಿ. ಇದು ಯಾವ ಮರದ್ದು ಎಂದು ಅವರು ಕೇಳುವ ಹೊತ್ತಿಗೆ, ಹೇಳುವಷ್ಟನ್ನು ದೊಡ್ಡವರು ಕಲಿತಿರಬೇಕು.